ಅಳಿಸಿಹೋದ ಮೂವತ್ತೊಂದು ಸಂಜೆಗಳು

"ಈ ಮೂವತ್ತೊಂದು ಸಂಜೆಯ ರೀಡಿಂಗ್ ಬರೀ ಕಸ. ತೆಗೆದುಹಾಕಿದೀನಿ."

ಅಭಿಷೇಕ್ ಅರ್ಚನಾಳಿಗೆ ಹೇಳಿದ ಮೊದಲ ಮಾತೇ ಇದು. ಹೆಸರನ್ನೂ ಕೇಳಲಿಲ್ಲ ಮಹಾಶಯ!

ಬಾಳೂರಿನ ಕಾಫಿ ಎಸ್ಟೇಟ್ ಮಾಲೀಕರ ಮಗ, ಸಂಶೋಧಕ ಬೇರೆ. ಆಕಾಶದ ಮೇಲ್ಪದರವಾದ ಅಯಾನುಗೋಳ ನಾಳೆ ಹೇಗಿರುತ್ತದೆಂದು ಇವತ್ತೇ ಹೇಳುವ ಮಾಡೆಲ್ ಮಾಡಿದ್ದನಂತೆ. ಅದು ಹೇಳಿದ್ದು ಎಷ್ಟು ನಿಜ ಎಂದು ಪರೀಕ್ಷಿಸಲು ಗುಡ್ಡದ ತುದಿಯಲ್ಲಿ ಜಿಪಿಎಸ್ ಆಂಟೆನಾ ಇಟ್ಟಿದ್ದರು; ಆ ಪದರ ಕದಡಿದರೆ ಉಪಗ್ರಹದಿಂದ ಬರುವ ಸಿಗ್ನಲ್ಲೂ ಕದಡುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಎಂಎಸ್ಸಿ ಓದಿದ ಅರ್ಚನಾ. ಅದೇ ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿಯುವ ಮಾರಯ್ಯನ ಮಗಳು.

ಮಾರ್ಚ್ ತಿಂಗಳಿಡೀ ಹೊತ್ತು ಮುಳುಗಿದ ಕೂಡಲೇ ಸಿಗ್ನಲ್ ಹುಚ್ಚೆದ್ದು ಏರಿಳಿಯುತ್ತಿತ್ತು. ಮಾಡೆಲ್ ಮಾತ್ರ ಮೇಲೆಲ್ಲ ಶಾಂತ ಎನ್ನುತ್ತಿತ್ತು. ಅಡ್ಡ ಬಂದಿರುವುದು ಸಿಲ್ವರ್ ಓಕ್ ಎಲೆ ಎಂದು ಅವನ ತೀರ್ಪು. ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ ನಡೆಯುವುದು ಮೇ ತಿಂಗಳಲ್ಲಿ, ಅದು ತೋಟದ ಮಗನಾದ ತನಗೆ ಗೊತ್ತಿಲ್ಲವೇ ಎಂದ.

ಆಂಟೆನಾ ಸುತ್ತ ಫೆಬ್ರವರಿಯಲ್ಲೇ ಅಪ್ಪ ಮರಗಸಿ ಮಾಡಿದ್ದಾರೆ ಎಂದು ಅವಳು ಎರಡು ಸಲ ಹೇಳಿದಳು. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ದೊಡ್ಡವರಿಗೆಲ್ಲಿ...

ಆಮೇಲೆ ಗುಡ್ಡದ ಕೆಳಗೆ ಅವಳು ರೀಡಿಂಗ್ ಬರೆಯುವ ಕೋಣೆಗೆ ದಿನಾ ಬಂದ. ಅವಳ ಬುತ್ತಿಯ ಅಕ್ಕಿರೊಟ್ಟಿಗೆ ಕೈಹಾಕಿದ, ಮಾತಾಡುತ್ತ ನಗಿಸಿದ. ಆದರೆ ಗುಡ್ಡ ಹತ್ತಿ ಒಂದು ಸಲವೂ ನೋಡಲಿಲ್ಲ.

'ಥೂ, ಇಂಥವನ ಮೇಲೆ ಮನಸ್ಸು ಹೋಯಿತಲ್ಲ!' ಎಂದು ತನ್ನನ್ನೇ ಬೈದುಕೊಂಡಳು.

ಚಿಕ್ಕಮಗಳೂರಿನ ಸಭೆಯಲ್ಲಿ ಅವನು ಫಲಿತಾಂಶ ಓದುವ ದಿನ ಅವಳು ಬಸ್ಸು ಹತ್ತಿದಳು. ಅವನು ಆ ಸಂಜೆಗಳನ್ನು ಮುಚ್ಚಿಟ್ಟರೆ ತಾನೂ ಅಪ್ಪನೂ ದುಡಿದದ್ದು ಕಸವಾಗಿಯೇ ಉಳಿಯುತ್ತಿತ್ತು. ಎಲ್ಲರೆದುರು ಅವನ ಮಾನ ಕಳೆಯಬೇಕೆಂದೇ ಹೋಗಿದ್ದಳು.

ಅಭಿಷೇಕ್ ಎದ್ದು ನಿಂತ. "ನನ್ನ ಮಾಡೆಲ್ ಸೋತಿದೆ. ಅರ್ಚನಾ ಅವರ ರೀಡಿಂಗ್ ಸರಿಯಾಗಿತ್ತು. ನೋಡದೆ ಅಳಿಸಿದ್ದು ನನ್ನ ಅಹಂಕಾರ."

ಅವಳು ಕಟ್ಟಿಕೊಂಡು ಬಂದಿದ್ದ ಬೈಗುಳಗಳಿಗೆಲ್ಲ ಈಗ ಕೆಲಸವೇ ಇಲ್ಲದಾಯಿತು. ಕಣ್ಣು ತುಂಬಿತು, ಅದಕ್ಕೂ ಸಿಟ್ಟೇ ಬಂತು.

ಹೊರಗೆ ಅವನೇ ಹತ್ತಿರ ಬಂದ. ನಿನ್ನೆ ಗುಡ್ಡ ಹತ್ತಿದೆ, ಬೋಳು ಮರ ನೋಡಿ ನಾಚಿಕೆಯಾಯಿತು ಎಂದ.

"ನನಗೆ ನೀವು ಬೇಕು ಅರ್ಚನಾ. ಕೇಳೋ ಯೋಗ್ಯತೆ ಇಲ್ಲ ಅಂತ ಗೊತ್ತು."

"ಇಲ್ಲ, ಖಂಡಿತ ಇಲ್ಲ. ಮೊದಲು ನಮ್ಮಪ್ಪನ ಹತ್ರ ತಪ್ಪಾಯ್ತು ಅನ್ನಿ."

"ನಿನ್ನೆ ಅಲ್ಲೇ ಅಂದೆ. ಕತ್ತಿ ಕೈಗೆ ಕೊಟ್ಟು, ಒಂದು ಮರ ಹತ್ತಿ ನೋಡಿ ಅಂದ್ರು."

"ಹತ್ತಿದ್ರಾ?"

ಅವನು ಎರಡೂ ಅಂಗೈ ಚಾಚಿದ. ಚರ್ಮ ಸುಲಿದು ಕೆಂಪಾಗಿತ್ತು.

ಅರ್ಚನಾ ಆ ಕೈಗಳನ್ನು ಹಿಡಿದುಕೊಂಡಳು. "ಎಷ್ಟು ದೂರ ಹತ್ತಿದ್ರಿ?"

"ಅರ್ಧ."

"ಸಾಕು... ಉಳಿದರ್ಧ ನಾನು ಕಲಿಸ್ತೀನಿ."