ಮಣ್ಣು ಮುಚ್ಚುವ ಮುಂಚಿನ ಕೂಗು

ಮಾದನಾಯಕನಹಳ್ಳಿ ಆಚೆಯ ಕಸದ ಗುಡ್ಡದಲ್ಲಿ ನಾನು ಬುಲ್ಡೋಜರ್ ಓಡಿಸುತ್ತಿದ್ದೆ. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಅಂದಂದಿನ ಕಸಕ್ಕೆ ಅಂದೇ ಸಂಜೆ ಮಣ್ಣು ಮುಚ್ಚಬೇಕು, ಅದು ನಿಯಮ. ಚಿಂದಿ ಆಯುವವರು ಯಾರೂ ಸಿಕ್ಕಿಕೊಳ್ಳಬಾರದೆಂದು ಮೊದಲು ರಾಯಚೂರು ಕಡೆಯ ಮರೆವ್ವ ನಿಂತು ಕೂಗುತ್ತಿದ್ದಳು: “ಯಾರರ ಅದೀರೇನ್ರೀ?”

ಒಂದು ಸಂಜೆ ಅವಳ ಕೂಗಿಗೆ ಯಾರೂ ಓಗೊಡಲಿಲ್ಲ, ಮುಚ್ಚಿದೆ. ಆಮೇಲೆ ಗುಡ್ಡದೊಳಗೆ ಕೊಳೆಯುವ ಕಸದ ಗ್ಯಾಸ್ ಹೊರಬಿಡುವ ಪೈಪಿನೊಳಗಿಂದ ಹೆಂಗಸಿನ ದನಿ ಬಂತು: “ಅದೀನ್ರೀ.”

“ಅಯ್ಯೋ, ಲಗೂನ ತಗೀರಣ್ಣಾ!” ಎಂದು ಮರೆವ್ವ ಬಾಯಿ ಬಡಿದುಕೊಂಡಳು. ಆ ದಿನದ ಕಸವನ್ನೆಲ್ಲ ಅಗೆದು ನೋಡಿದೆವು. ಯಾರೂ ಇರಲಿಲ್ಲ. ಆಯುವವರೆಲ್ಲ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದರು.

“ನಿಮ್ಮಿಬ್ಬರಿಗೂ ಬಿಸಿಲು ತಲಿಗೇರೈತಿ,” ಎಂದು ಕಾವಲಿನ ಮುತ್ತಣ್ಣ ನಕ್ಕ. ಸದಾ ಬೆಚ್ಚಗಿರುವ ಪೈಪನ್ನು ಮುಟ್ಟಿದೆ. ಮಂಜಿನಂತೆ ತಣ್ಣಗಿತ್ತು.

ಮರುದಿನ ಮರೆವ್ವ ಕೆಲಸಕ್ಕೆ ಬರಲಿಲ್ಲ. ಸಂಜೆ ಗುಡ್ಡದ ಮೇಲೆ ನಾನೊಬ್ಬನೇ. ಕೂಗಲು ಬಾಯಿ ತೆರೆಯುವ ಮುಂಚೆ ಪೈಪೇ ಕೇಳಿತು: “ಮ್ಯಾಲ ಯಾರರ ಅದೀರೇನ್ರೀ?”

ನನ್ನ ಬಾಡಿಗೆ ರೂಮಿನಲ್ಲೂ ಹಾಗೆ ಕೇಳುವವರಿರಲಿಲ್ಲ. “ನಾನೊಬ್ನೇ ಇದೀನಿ ಕಣಮ್ಮ,” ಎಂದೆ.

“ಹಂಗಾರ ಇನ್ನಾ ಮುಚ್ಚಬ್ಯಾಡ್ರಿ.”

ಆ ಸಂಜೆ ಮಣ್ಣು ಹಾಕಲಿಲ್ಲ. ಗುಡ್ಡ ಮುಚ್ಚಿ ಹುಲ್ಲು ಬೆಳೆಸಿ ಈಗ ವರ್ಷಗಳಾದವು. ಆ ಪೈಪು ಮಾತ್ರ ಇನ್ನೂ ತಣ್ಣಗಿದೆ. ಮೊನ್ನೆಯೂ ಹೋಗಿ ಮುಟ್ಟಿ ಬಂದೆ.