ಕಳಸಗಿತ್ತಿಯ ಮದುವೆ

2025ರ ನವೆಂಬರ್ 10, ಸೋಮವಾರ, ಬೆಳಿಗ್ಗೆ 10.40. ಹೊಸದುರ್ಗ ಪೊಲೀಸ್ ಠಾಣೆಯ ಮುಂದೆ ಒಬ್ಬ ಯುವತಿ ಸ್ಕೂಟರ್ ನಿಲ್ಲಿಸಿ ಇಳಿದಳು. ಜೊತೆಗೆ ಅಪ್ಪನಿಲ್ಲ, ಅಣ್ಣನಿಲ್ಲ. ಮದುವೆ ವಿಷಯದ ದೂರು ಅಂದರೆ ಸಾಮಾನ್ಯವಾಗಿ ಒಂದು ಟೆಂಪೊ ತುಂಬ ಜನ ಬರುತ್ತಾರೆ, ದೂರುದಾರರನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ. ಇವಳು ಒಬ್ಬಳೇ ಬಂದಿದ್ದಳು. ಹೆಸರು ಬಿಂದು, ವಯಸ್ಸು ಇಪ್ಪತ್ತಾರು, ಬಾಗೂರಿನ ಹಾಲಿನ ಡೇರಿಯ ಕಾರ್ಯದರ್ಶಿ.

ಸಬ್ ಇನ್‌ಸ್ಪೆಕ್ಟರ್ ಫರೀಹಾ ಅವರ ಮೇಜಿನ ಮೇಲೆ ಅವಳು ಒಂದು ಜೆರಾಕ್ಸ್ ಹಾಳೆ ಇಟ್ಟಳು.

“ನಂಗೆ ಮದುವೆ ಆಗೈತಂತೆ ಮೇಡಂ. ನಂಗೇ ಗೊತ್ತಿಲ್ಲ.”

ಅದು ವಿವಾಹ ನೋಂದಣಿ ಪತ್ರ. ದಿನಾಂಕ 24 ಫೆಬ್ರವರಿ 2025. ವರ ಗುರುರಾಜ್, ಭರಮಸಾಗರ. ವಧು ಬಿಂದು, ಬಾಗೂರು. ಫೋಟೊ ಇರಬೇಕಾದಲ್ಲಿ ಬರೀ ಕಪ್ಪು ಮಸಿ. ಹಿರಿಯೂರಿನ ಒಂದು ಮನೆಯವರೊಂದಿಗೆ ಬಿಂದುವಿನ ಮದುವೆ ಮಾತಾಗಿತ್ತು. ಹೋದ ವಾರ ಈ ಹಾಳೆ ಅವರ ಮನೆಗೆ ಹೆಸರಿಲ್ಲದ ಲಕೋಟೆಯಲ್ಲಿ ಹೋಗಿತ್ತು. ಅವರು ಅವತ್ತೇ ಫೋನ್ ಮಾಡಿ ಸಂಬಂಧ ಬೇಡ ಎಂದಿದ್ದರು.

“ಗುರುರಾಜ್ ಯಾರು?”

“ಸೋದರತ್ತೆ ಮಗ.”

“ಕೆಳಗಿನ ಸಹಿ?”

“ನಂದೇ.”

ಫರೀಹಾ ತಲೆ ಎತ್ತಿ ನೋಡಿದರು.

“ನಂದೇ ಮೇಡಂ. ಅವತ್ತು ಅತ್ತೆ ಮಗಳು ಸಹನಾಳ ಮದುವೆ ನೋಂದಣಿ ಇತ್ತು. ನಾನು, ಗುರುರಾಜ ಸಾಕ್ಷಿ ಹಾಕಾಕೆ ಹೋಗಿದ್ವಿ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ವಿ. ಈಗ ವಕೀಲ್ರು ‘ಸಹಿ ನಂದಲ್ಲ ಅನ್ನಮ್ಮ, ಸಲೀಸಾಗ್ತೈತೆ’ ಅಂತಾರೆ. ನಮ್ಮ ಹಿರಿಯರು ‘ಕಾಗ್ದ ಹೆಂಗೂ ಆಗೈತೆ, ಅವನಿಗೇ ಕೊಟ್ಬಿಡಾಣ’ ಅಂತಾರೆ. ಇನ್ನು ಕೆಲವರು ಡೈವೋರ್ಸ್ ತಗಾ ಅಂತಾರೆ. ಆಗದೇ ಇರೋ ಮದುವೆಗೆ ಡೈವೋರ್ಸ್ ಯಾಕ್ರಿ ತಗಳ್ಳಿ? ಈ ಮದುವೆ ಇಲ್ಲವೇ ಇಲ್ಲ ಅಂತ ಕೋರ್ಟು ಬರ್ದು ಕೊಡಬೇಕು. ಅದಕ್ಕೆ ಸಾಕ್ಷಿ ಬೇಕು. ಹುಡುಕ್ಕೊಡ್ರಿ.”

ಅವಳನ್ನು ಹೊರಗೆ ಕೂರಿಸಿದ ಮೇಲೆ ಹೆಡ್ ಕಾನ್ಸ್‌ಟೇಬಲ್ ಗೊಲ್ಲಪ್ಪ ಗೊಣಗಿದರು. ಮೂವತ್ತು ವರ್ಷದ ಸರ್ವಿಸ್, ಮೂರು ಹೆಣ್ಣುಮಕ್ಕಳ ಮದುವೆ ಮಾಡಿ ಹಣ್ಣಾದ ಮನುಷ್ಯ. “ಬಂಧು ಬಳಗದ ಜಗಳ ಮೇಡಂ. ಮಠಕ್ಕೆ ಕಳ್ಸಿ ರಾಜಿ ಮಾಡಿಸಿದ್ರೆ ಮುಗೀತು.”

“ತನಗೇ ತೊಂದರೆ ಆಗೋ ಸತ್ಯ ಹೇಳಿ ದೂರು ಕೊಟ್ಟೋರನ್ನ ಎಷ್ಟು ಜನ ನೋಡಿದೀರಿ ಗೊಲ್ಲಪ್ಪ?”

ಗೊಲ್ಲಪ್ಪ ಯೋಚಿಸಿದರು. “ಒಬ್ಬರನ್ನೂ ಇಲ್ಲ.”

“ಹಂಗಾದ್ರೆ ಬರ್ಕೊಳ್ಳಿ.”

ಮಧ್ಯಾಹ್ನ 12.15ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ನಕಲಿ ದಾಖಲೆ ಸೃಷ್ಟಿ. ಆರೋಪಿ ಸ್ಥಾನದಲ್ಲಿ ಸದ್ಯಕ್ಕೆ ಒಂದೇ ಹೆಸರು, ಗುರುರಾಜ್. ಲಾಭ ಯಾರಿಗೋ ಅವನ ಮೇಲೆ ತಾನೇ ಅನುಮಾನ.

ಮಾರನೇ ದಿನ ಗುರುರಾಜ್ ಠಾಣೆಗೆ ಬಂದ. ಭರಮಸಾಗರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಹಾಳೆ ನೋಡಿ ಅವನ ಮುಖ ಬಿಳಿಚಿತು.

“ಹಂಗಾರೆ ನಂಗೂ ಮದುವೆ ಆಗೈತಾ ಮೇಡಂ?”

“ನೀನೇ ಮಾಡಿಸಿಕೊಂಡಿದ್ದು ಅಂತ ದೂರು.”

“ನಾನಾ? ಬಿಂದೂನಾ? ಅಯ್ಯೋ ಶಿವನೇ! ಚಿಕ್ಕಂದಿನಿಂದ ಅವಳ ಕೈಲಿ ಗುದ್ದು ತಿಂದು ಬೆಳೆದೋನು ನಾನು. ಅವಳನ್ನ ಕಟ್ಕಳ್ಳೋ ಧೈರ್ಯ ನಂಗೆಲ್ಲೈತೆ?”

ಗೊಲ್ಲಪ್ಪ ನಗು ತಡೆಯಲು ಕೆಮ್ಮಿದರು. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಆದರೆ ಅನ್ನಿಸಿದ್ದು ಬಿಟ್ಟದ್ದು ಕೋರ್ಟಿಗೆ ಬೇಕಿಲ್ಲ.

ನವೆಂಬರ್ 12, ಬೆಳಿಗ್ಗೆ 11.30. ಪಕ್ಕದ ತಾಲ್ಲೂಕಿನ ನೋಂದಣಿ ಕಚೇರಿ. ಇಬ್ಬರು ಪಂಚರ ಸಮಕ್ಷಮ ಫೆಬ್ರವರಿ 24ರ ಕಡತ ತೆಗೆಸಿದರು. ನೋಂದಣಿ ಸಂಖ್ಯೆ 41, ಸಹನಾ ಮತ್ತು ಅವಳ ಗಂಡ. ಸಾಕ್ಷಿಗಳು ಬಿಂದು, ಗುರುರಾಜ್. ಸಂಖ್ಯೆ 42, ಬಿಂದು ಮತ್ತು ಗುರುರಾಜ್. ಸಾಕ್ಷಿಗಳು ಸಹನಾ ಮತ್ತು ಅವಳ ಗಂಡ.

“ಇದೇನಪ್ಪ ಇದು!” ಎಂದರು ಗೊಲ್ಲಪ್ಪ. “ಒಂದರಾಗೆ ಮದುಮಕ್ಕಳು, ಇನ್ನೊಂದರಾಗೆ ಸಾಕ್ಷಿಗಳು. ಅದಲು ಬದಲು ಮಾಡ್ಯಾರೆ.”

ನಾಲ್ಕೂ ಜನ ಎರಡು ಕಟ್ಟು ಹಾಳೆಗೆ ಓದದೇ ಸಹಿ ಹಾಕಿದ್ದರು. ಮನೆಯ ಹಿರಿಯರು ಪಕ್ಕದಲ್ಲೇ ನಿಂತು ಸಹಿ ಹಾಕಿಸುವಾಗ ಕಾಗದ ಓದಿ ನೋಡುವುದು ನಮ್ಮ ಕಡೆ ಅವಮರ್ಯಾದೆ. ಎರಡು ಅರ್ಜಿಗಳಲ್ಲೂ ಮೂರನೇ ಸಾಕ್ಷಿ ಒಬ್ಬರೇ ಆಗಿದ್ದರು. ಶಿವಗಂಗಮ್ಮ. ಸಹನಾ, ಗುರುರಾಜರ ತಾಯಿ, ಬಿಂದುವಿನ ಸೋದರತ್ತೆ.

ಆದರೂ ಒಂದು ತೊಡಕಿತ್ತು. 42ರ ಅರ್ಜಿಗೆ ಮದುವೆಯ ಫೋಟೊ ಅಂಟಿಸಿತ್ತು. ರೇಷ್ಮೆ ಸೀರೆ ಉಟ್ಟು ತಲೆತುಂಬ ಮಲ್ಲಿಗೆ ಮುಡಿದ ಬಿಂದು, ಪಕ್ಕದಲ್ಲಿ ಪೇಟ ಸುತ್ತಿದ ಗುರುರಾಜ್. “ಮದುವೆ ಆಗಿಲ್ಲ ಅಂದ್ರೆ ಇದೇನು ಅಂತ ಜಡ್ಜ್ ಕೇಳ್ತಾರೆ,” ಎಂದರು ಫರೀಹಾ.

ಗೊಲ್ಲಪ್ಪ ಕನ್ನಡಕ ಹಣೆಗೇರಿಸಿ ಫೋಟೊವನ್ನು ಮೂಗಿನ ಹತ್ತಿರ ಹಿಡಿದರು.

“ಮೇಡಂ, ಇವಳು ಮದುಮಗಳಲ್ಲ. ಕಳಸಗಿತ್ತಿ.”

“ಅಂದ್ರೆ?”

“ಮದುಮಗಳ ಪಕ್ಕದಾಗೆ ಕಳಸ ಹಿಡ್ಕಂಡು ನಿಲ್ಲೋ ಹುಡುಗಿ. ಅವಳೂ ಮದುಮಗಳಂಗೇ ಸಿಂಗಾರ ಆಗಿರ್ತಾಳೆ. ಹಣೆ ನೋಡ್ರಿ, ಬಾಸಿಂಗ ಇಲ್ಲ. ಇಬ್ಬರಿಗೂ ಇಲ್ಲ. ಬಾಸಿಂಗ ಕಟ್ಟದೇ ಯಾವ ಮದುವೆರಿ? ಎರಡೂ ಕೈ ಸೊಂಟದ ಹತ್ರ ಮುಂದಕ್ಕೆ ಐತೆ, ಏನೋ ಹಿಡ್ಕಂಡಂಗೆ. ಕೆಳಗೆ ಅಂಚಿನಾಗೆ ಎರಡು ವೀಳ್ಯದೆಲೆ ತುದಿ ಕಾಣ್ತೈತೆ, ನೋಡ್ರಿ. ಕಳಸನ ಕತ್ತರಿಸಿದಾರೆ, ಎಲೆ ಉಳ್ಕಂಡೈತೆ.”

ಫರೀಹಾ ಫೋಟೊ ನೋಡಿದರು, ಗೊಲ್ಲಪ್ಪನನ್ನು ನೋಡಿದರು. “ಭಲೇ ಗೊಲ್ಲಪ್ಪ!” ಎಂದು ಪಂಚರ ಎದುರೇ ಅಂದರು. ಗೊಲ್ಲಪ್ಪ ಆ ಇಡೀ ದಿನ ಎದೆ ಸೆಟೆಸಿಕೊಂಡೇ ಓಡಾಡಿದರು. ಮಧ್ಯಾಹ್ನ 1.10ಕ್ಕೆ ಪಂಚನಾಮೆ ಮುಗಿಯಿತು.

ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಎತ್ತಪ್ಪನ ಪೆಟ್ಟಿಗೆ ಅಂಗಡಿ. ಎರಡು ಪ್ರಶ್ನೆಗೇ ಅವನು ಬೆವರಿದ.

“ಎರಡನೇ ಕಟ್ಟು ಯಾರು ಹೇಳಿ ಬರೆಸಿದ್ರು?”

“ಶಿವಗಂಗಮ್ಮನೋರು. ಫೋಟೊನೂ ಅವ್ರೇ ತಂದಿದ್ರು. ಒಳಗೆ ನಾನೇ ಹಾಳೆ ಹಿಡ್ಕಂಡು ‘ಇಲ್ಲಿ ಸಹಿ, ಇಲ್ಲಿ ಸಹಿ’ ಅಂದೆ. ತಪ್ಪಾತು ಮೇಡಂ.”

ಸಂಜೆ ಸಹನಾಳ ಮದುವೆ ಆಲ್ಬಮ್ ಸಿಕ್ಕಿತು. ಅದೇ ಫೋಟೊ, ಪೂರ್ತಿ. ನಡುವೆ ಸಹನಾ ಮತ್ತು ಅವಳ ಗಂಡ, ಹಣೆಯ ಮೇಲೆ ಬಾಸಿಂಗ. ಒಂದು ಪಕ್ಕ ಮದುಮಗಳ ತಮ್ಮ ಗುರುರಾಜ್, ಇನ್ನೊಂದು ಪಕ್ಕ ಕಳಸ ಹಿಡಿದ ಬಿಂದು. ನಡುವಿನವರನ್ನು ತೆಗೆದು ಅಂಚಿನವರನ್ನು ಕೂಡಿಸಿದ್ದರು. ಬಿಂದುವಿನ ಮದುವೆ ನಡೆದೇ ಇಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ನವೆಂಬರ್ 13, ಮಧ್ಯಾಹ್ನ 3.20, ಭರಮಸಾಗರ. ಶಿವಗಂಗಮ್ಮ ಪಡಸಾಲೆಯಲ್ಲಿ ನೆಟ್ಟಗೆ ಕೂತಿದ್ದರು. ಅರವತ್ತೆರಡು ವರ್ಷ, ಹಣೆ ತುಂಬ ವಿಭೂತಿ. ಪೊಲೀಸರನ್ನು ಕಂಡು ಏಳಲಿಲ್ಲ.

“ಕುಂತ್ಕಳ್ರಿ. ನಾನೇ ಮಾಡಿಸಿದ್ದು. ಮೊನ್ನೆ ಮಾತು ಗಟ್ಟಿಯಾತು ಅಂತ ಕೇಳಿ ಹಿರಿಯೂರಿಗೆ ಅಂಚೆ ಹಾಕಿದ್ದೂ ನಾನೇ. ನನ್ ಮಗನಿಗೆ ಏನೂ ಗೊತ್ತಿಲ್ಲ, ಅವನನ್ನ ಬಿಡ್ರಿ.”

“ಯಾಕೆ ಮಾಡಿದ್ರಿ?”

“ತೊಟ್ಟಿಲಿಗೆ ಹಾಕಿ ಆ ಕೂಸಿನ ಕಿವೀಲಿ ಹೆಸರು ಕರೆದೋಳು ನಾನು. ಹೆಣ್ಣಿಗೆ ಹೊರಗೆ ಸಂಬಂಧ ನೋಡೋ ಮುಂಚೆ ಸೋದರತ್ತೆಗೆ ಎಲೆಅಡಿಕೆ ಕೊಟ್ಟು ಕೇಳೋದು ನಮ್ಮ ಮನೆತನದ ಪದ್ಧತಿ. ನನ್ ಮಗಳ ಮದುವೆ ಚಪ್ಪರದಾಗೇ ನನ್ನ ತಮ್ಮ ಮುರುಗಪ್ಪ ಬೀಗರ ಮುಂದೆ ‘ಹಿರಿಯೂರಿನಿಂದ ಸಂಬಂಧ ಬಂದೈತೆ’ ಅಂತ ಹೇಳ್ತಾ ಇದ್ದ. ನಾನು ಮಾತು ಕೇಳಿಸ್ಕಂಡಿದ್ದು ಬಡಿಸೋ ಸಾಲಿನಾಗೆ ನಿಂತು. ಹೆಸರಿಡಾಕೆ ಅತ್ತೆ ಬೇಕು, ಮದುವೆ ಮಾತಿಗೆ ಬ್ಯಾಡ?”

“ಕೇಳಿದ್ರೆ ನಿಮ್ಮ ಮಗನಿಗೆ ಕೊಡಿ ಅಂತಿದ್ರಾ?”

“ಇಲ್ರಿ.” ಮುದುಕಿ ಮೊದಲ ಸಲ ತಲೆ ತಗ್ಗಿಸಿದರು. “ಅವಳೆಲ್ಲಿ, ನನ್ ಮಗ ಎಲ್ಲಿ. ನಾನೇ ಬ್ಯಾಡ ಅಂತಿದ್ದೆ. ಒಳ್ಳೇ ಕಡೆ ಕೊಡ್ರಪ್ಪ ಅಂತಿದ್ದೆ. ಅಷ್ಟು ಅನ್ನಾಕಾದ್ರೂ ಒಂದು ಮಾತು ಕೇಳಬೇಕಿತ್ತು.”

ಸೂರ್ಯ ಮುಳುಗುವ ಮುಂಚೆ, 4.20ಕ್ಕೆ, ದಸ್ತಗಿರಿ ಆಯಿತು. ಮಹಿಳಾ ಕಾನ್ಸ್‌ಟೇಬಲ್ ಕೈ ಹಿಡಿಯಲು ಹೋದಾಗ ಶಿವಗಂಗಮ್ಮ ಕೈ ಕೊಡವಿ ತಾವೇ ಜೀಪು ಹತ್ತಿದರು.

“ದೂರು ಕೊಡಾಕೆ ಬಿಂದು ಯಾರ ಜೊತೆ ಬಂದಿದ್ಲು?”

“ಒಬ್ಬಳೇ,” ಎಂದರು ಫರೀಹಾ.

ಶಿವಗಂಗಮ್ಮ ಮುಖ ಆಚೆ ತಿರುಗಿಸಿದರು. “ನಮ್ಮ ಮನೆ ಹೆಣ್ಣು,” ಎಂದರು.

2026ರ ಏಪ್ರಿಲ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಆ ಮದುವೆ ಅಸಿಂಧು, ಮದುವೆ ನಡೆದೇ ಇಲ್ಲ ಎಂದು ಆದೇಶ ಮಾಡಿತು. ತಮ್ಮ ವಕೀಲರು ಬೇಡ ಬೇಡವೆಂದರೂ ಶಿವಗಂಗಮ್ಮ ಕಟಕಟೆ ಹತ್ತಿ ನಡೆದದ್ದನ್ನು ನಡೆದಂತೆ ಹೇಳಿದ್ದರು. ಆದೇಶದ ಪ್ರತಿ ಕೈಗೆ ಬಂದಾಗ ಬಿಂದು ಪ್ರತಿ ಸಾಲನ್ನೂ ಓದಿ, ಆಮೇಲೆ ಸ್ವೀಕೃತಿಗೆ ಸಹಿ ಹಾಕಿದಳು.

ಮುರುಗಪ್ಪ ಮಗಳ ಪಕ್ಕ ಬಂದು ನಿಂತರು. “ಹಿರಿಯೂರಿನೋರು ಮತ್ತೆ ಹೇಳಿ ಕಳ್ಸಿದಾರೆ ಕಣವ್ವ.”

“ಒಂದು ಜೆರಾಕ್ಸಿಗೆ ಹೆದರಿ ಓಡಿದೋರು ಬ್ಯಾಡಪ್ಪ. ಬೇರೆ ನೋಡು. ನೋಡೋ ಮುಂಚೆ ಅತ್ತೆಗೆ ಎಲೆಅಡಿಕೆ ಕೊಟ್ಟು ಕೇಳು.”

“ಮತ್ತೆ ಕೇಸು?”

“ಕೇಸು ನಡೀಲಿ. ಕೇಸು ಬೇರೆ, ಎಲೆಅಡಿಕೆ ಬೇರೆ.”

ಮುರುಗಪ್ಪ ಎದುರಿನ ಅಂಗಡಿಗೆ ಓಡಿದರು. ಕೋರ್ಟಿನ ಜಗಲಿಯಲ್ಲಿ ಕೂತಿದ್ದ ಅಕ್ಕ ಶಿವಗಂಗಮ್ಮ ಸೆರಗೊಡ್ಡಿ ಎಲೆಅಡಿಕೆ ಇಸಿದುಕೊಂಡರು. ಕಣ್ಣೊರೆಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

“ಈ ಜಿಲ್ಲೇಲೇ ಎಲ್ಲಾದ್ರೂ ಹುಡುಗನ್ನ ನೋಡ್ರಪ್ಪ,” ಎಂದರು. “ಜಾಮೀನಲ್ಲಿದೀನಿ. ಜಿಲ್ಲೆ ದಾಟಿ ಬರಂಗಿಲ್ಲ.”