ಹಾಲ್ಡನ್ ಎಷ್ಟನೆಯವನು?

“ವೇಟ್, ಇದು ರಾಂಗ್,” ಎಂದಳು ರಿಯಾ. ಅವಳ ಪೆನ್ಸಿಲು ಪಟ್ಟಿಯ ನಾಲ್ಕನೆಯ ಹೆಸರಿನ ಮೇಲೆ ನಿಂತಿತ್ತು.

ಅವನಿ ತಲೆ ಎತ್ತಲಿಲ್ಲ. ಚಾರ್ಟಿನ ಅಂಚಿಗೆ ಹಳದಿ ಬಣ್ಣ ತುಂಬುತ್ತಲೇ, “ಯಾವ್ದು?” ಎಂದಳು.

“ವೇಡ್ ಹಾಲ್ಡನ್. ಲಾಸ್ಟ್ ಫೈವ್ ರೇಸಸ್ ನೋಡು. ಥರ್ಟೀನ್, ಸಿಕ್ಸ್‌ಟೀನ್, ಟ್ವೆಲ್ವ್, ಎಯ್ಟೀನ್, ಫಿಫ್ಟೀನ್. ಆಡ್ ಮಾಡಿ ಫೈವ್‌ನಿಂದ ಡಿವೈಡ್ ಮಾಡಿದ್ರೆ ಫೋರ್ಟೀನ್ ಪಾಯಿಂಟ್ ಏಟ್. ನೀನು ಫೋರ್ ಪಾಯಿಂಟ್ ಏಟ್ ಅಂತ ಬರ್ದಿದೀಯ.”

ಅದು ಐದನೇ ಗ್ರೇಡಿನ ಮ್ಯಾತ್ ಪ್ರಾಜೆಕ್ಟ್. ಸೋಮವಾರ ಕೊಡಬೇಕು. ವಿಷಯ ಆರಿಸಿದ್ದು ಅವನಿ: ಸೂಪರ್‌ಕ್ರಾಸ್. ಸ್ಟೇಡಿಯಮ್ಮಿನೊಳಗೆ ಲಾರಿಗಟ್ಟಲೆ ಮಣ್ಣು ಸುರಿದು, ದಿಬ್ಬ ಕಟ್ಟಿ, ಅದರ ಮೇಲಿಂದ ಮೋಟಾರ್‌ಬೈಕುಗಳನ್ನು ಹಾರಿಸುವ ರೇಸು. ಪ್ರತಿ ಸವಾರ ಕಳೆದ ಐದು ರೇಸುಗಳಲ್ಲಿ ಎಷ್ಟನೆಯವನಾಗಿ ಬಂದ ಎಂದು ನೋಡಿ ಸರಾಸರಿ ತೆಗೆಯಬೇಕು. ಯಾರ ಸರಾಸರಿ ಕಡಿಮೆಯೋ ಅವನು ಮೊದಲು.

“ಹೋಗ್ಲಿ ಬಿಡು,” ಎಂದಳು ಅವನಿ.

ರಿಯಾ ಬಿಡಲಿಲ್ಲ. ಅವನಿ ವಾರವಾರವೂ ಪಟ್ಟಿ ಬರೆದಿಡುವ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದಳು. ಹೋದ ವಾರ 3.6. ಅದರ ಹಿಂದಿನ ವಾರ 4.2. ಹಾಲ್ಡನ್ ಹೆಸರಿನ ಮುಂದೆ ಪ್ರತಿ ಸಲವೂ ಹತ್ತರ ಸ್ಥಾನದ ಒಂದು ಮಾತ್ರ ನಾಪತ್ತೆ!

“ಇದು ಮಿಸ್ಟೇಕ್ ಅಲ್ಲ. ಯೂ ಚೀಟೆಡ್!” ರಿಯಾಳ ಮುಖ ಕೆಂಪಾಯಿತು. “ಚಾರ್ಟ್ ಮೇಲೆ ನನ್ ಹೆಸ್ರೂ ಇದೆ, ಅವನಿ!”

“ನಿಂಗೆ ಹಾಲ್ಡನ್ ಯಾರು ಅಂತಾನೇ ಗೊತ್ತಿಲ್ಲ!”

“ನಂಬರ್ಸ್ ಗೊತ್ತು.” ರಿಯಾ ಜಾಕೆಟ್ ಎತ್ತಿಕೊಂಡು ಹೊರಗೆ ನಡೆದಳು. ಅವಳನ್ನು ಕರೆದೊಯ್ಯಲು ಅಪ್ಪ ಎಡಿಸನ್ ಊರಿನಿಂದ ಬರಲು ಇನ್ನೂ ಅರ್ಧ ಗಂಟೆಯಿತ್ತು. ಅವನಿಯ ಮನೆಯ ಮುಂದಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತುಬಿಟ್ಟಳು.

ಅವನಿ ಬೇಸ್‌ಮೆಂಟಿಗೆ ಇಳಿದು ಹಳೆಯ ನೀಲಿ ಸೋಫಾದಲ್ಲಿ ಮುದುಡಿಕೊಂಡಳು.

ಚಳಿಗಾಲದ ಶನಿವಾರ ಎಂದರೆ ಈ ಸೋಫಾ. ಒಂದು ಕಡೆ ಅಣ್ಣ ಸಿದ್, ಇನ್ನೊಂದು ಕಡೆ ಅವಳು, ನಡುವೆ ಅಮ್ಮ ಕಲಸಿಕೊಟ್ಟ ಖಾರ ಮಂಡಕ್ಕಿ. ಸಿದ್ ಲೆಕ್ಕ ಹಾಕುತ್ತಿದ್ದ, ಅವಳು ಹೆಸರು ಬರೆಯುತ್ತಿದ್ದಳು. ಆಗೆಲ್ಲ ಹಾಲ್ಡನ್ ಯಾವಾಗಲೂ ಮೊದಲ ಮೂವರಲ್ಲಿ. ಒಮ್ಮೆ ಈಸ್ಟ್ ರದರ್‌ಫರ್ಡಿನ ಸ್ಟೇಡಿಯಮ್ಮಿಗೇ ಹೋಗಿದ್ದರು. ಬೈಕುಗಳ ಸದ್ದಿಗೆ ಕೂತ ಕುರ್ಚಿ ಗಡಗಡ ನಡುಗಿತ್ತು. ಅಂದು ಹಾಲ್ಡನ್ ಗೆದ್ದು, ಇವರು ಕೂತ ಕಡೆಗೆ ಕೈ ಬೀಸಿದ. “ನಮಗೇ ಮಾಡಿದ್ದು ಕಣೇ!” ಎಂದು ಸಿದ್ ಕೂಗಿದ ಕೂಗಿಗೆ ಮುಂದಿನ ಸಾಲಿನವರು ತಿರುಗಿ ನೋಡಿದ್ದರು.

ಸಿದ್ ಕಾಲೇಜಿಗೆಂದು ಪಿಟ್ಸ್‌ಬರ್ಗಿಗೆ ಹೋಗಿ ಏಳು ತಿಂಗಳಾಗಿತ್ತು. ಮೊದಮೊದಲು ಪ್ರತಿ ಶನಿವಾರ ಫೋನ್ ಮಾಡುತ್ತಿದ್ದ. ಆಮೇಲೆ ಅಪರೂಪವಾಯಿತು.

ಅವನಿ ಅಮ್ಮನ ಫೋನ್ ತಂದು ವಿಡಿಯೋ ಕಾಲ್ ಒತ್ತಿದಳು. ತೆರೆಯ ಮೇಲೆ ಸಿದ್ ಬಂದ. ಹಿಂದೆ ಹಾಸ್ಟೆಲಿನ ವಾಷಿಂಗ್ ಮಷೀನುಗಳ ಸಾಲು.

“ಏನೇ ಅವ್ನಿ?”

“ಅಣ್ಣ, ಹಾಲ್ಡನ್ ಫೋರ್ತ್ ಅಲ್ವಾ?”

“ಹಾಲ್ಡನ್ನಾ? ಅವ್ನು ಇನ್ನೂ ಓಡಿಸ್ತಿದಾನಾ?” ಸಿದ್ ನಕ್ಕ. ಅವನಿಯ ಕಣ್ಣು ತುಂಬಿದ್ದು ಕಂಡು ನಗು ನಿಂತಿತು. “ಏಯ್, ಏನಾಯ್ತು?”

ಅವಳು ಎಲ್ಲ ಹೇಳಿದಳು. ಒಂದನ್ನು ಅಳಿಸಿದ್ದು, ರಿಯಾ ಹಿಡಿದದ್ದು, ಚೀಟ್ ಅಂದದ್ದು.

“ಯಾಕೆ ಅಳಿಸ್ದೆ?”

“ನೀನು ಬಂದು ನೋಡ್ದಾಗ ಅವ್ನು ಕೆಳಗೆ ಇದ್ರೆ ನಿಂಗೆ ಬೇಜಾರಾಗತ್ತೆ ಅಂತ.”

ಸಿದ್ ಫೋನನ್ನು ಮುಖದ ಹತ್ತಿರ ಹಿಡಿದ. ಆಮೇಲೆ ಕೇಳಿದ: “ಕಳೆದ ಐದೇ ರೇಸು ಅಂತ ರೂಲ್ ಮಾಡಿದ್ದು ಯಾರು ಗೊತ್ತಾ?”

“ನೀನು.”

“ನಾನಲ್ಲ, ನೀನು. ಎಷ್ಟು ರೇಸ್ ಲೆಕ್ಕಕ್ಕೆ ತಗೊಳ್ಳೋಣ ಅಂತ ನಾನು ಕೇಳ್ದೆ. ನಿಂಗೆ ಆಗ ಆರು ವರ್ಷ. ಬಾಯ್ ತುಂಬ ಮಂಡಕ್ಕಿ, ಮಾತಾಡಕ್ಕೆ ಆಗ್ಲಿಲ್ಲ. ನೀನು ಹಿಂಗೆ ಕೈ ತೋರಿಸ್ದೆ.” ಸಿದ್ ಐದು ಬೆರಳನ್ನೂ ಅಗಲಿಸಿ ತೋರಿಸಿದ. “ಅದೇ ರೂಲ್ ಆಯ್ತು.”

“ನಂಗೆ ನೆನಪೇ ಇಲ್ಲ.”

“ನಂಗಿದೆ.”

ಅವನಿ ಕಣ್ಣೊರೆಸಿಕೊಂಡಳು. ಸಿದ್ ಎಲ್ಲ ಮರೆತಿದ್ದಾನೆ ಅಂದುಕೊಂಡಿದ್ದಳು. ಅವಳೇ ಮರೆತದ್ದು ಅವನ ಹತ್ತಿರ ಇಷ್ಟು ದಿನ ಜೋಪಾನವಾಗಿತ್ತು.

ಫೋನ್ ಹಿಡಿದೇ ಮೇಲೆ ಹೋಗಿ ನೋಟ್‌ಬುಕ್ ತೆಗೆದಳು. ಮೂರು ಪುಟಗಳಲ್ಲೂ ಒಂದನ್ನು ಮತ್ತೆ ಬರೆದಳು. 13.6. 14.2. 14.8. ಹಾಲ್ಡನ್ ನಾಲ್ಕರಿಂದ ಹದಿಮೂರಕ್ಕೆ ಇಳಿದ. ಎದೆಯಲ್ಲಿ ಸ್ವಲ್ಪ ಚುರುಕ್ ಎಂದಿತು, ಅಷ್ಟೇ.

“ಹಾಗಾದ್ರೆ ಫಸ್ಟ್ ಯಾರು ಈಗ?” ಫೋನಿನೊಳಗಿಂದ ಸಿದ್ ಕೇಳಿದ.

“ಟಿಯಾಗೋ ರೇಯೆಸ್.”

“ಯಾರದು?”

ಅವನಿ ಬೆರಗಾದಳು. “ಟಿಯಾಗೋ ಗೊತ್ತಿಲ್ವಾ? ಸೀರಿಯಸ್ಲೀ?”

“ಇಲ್ಲಮ್ಮಾ. ಈ ವರ್ಷ ಒಂದೂ ನೋಡಿಲ್ಲ.”

ಅವನಿ ಫೋನನ್ನೂ ನೋಟ್‌ಬುಕ್ಕನ್ನೂ ಹಿಡಿದು ಹೊರಗೆ ಬಂದಳು. ಡ್ರೈವ್‌ವೇಯಲ್ಲಿ ಸಂಜೆಯ ಬಿಸಿಲಿತ್ತು. ರಿಯಾ ಮೊಣಕಾಲಿನ ಮೇಲೆ ಗಲ್ಲ ಇಟ್ಟು ಕೂತಿದ್ದಳು. ಅವನಿ ಪಕ್ಕದಲ್ಲಿ ಕೂತು ಪುಟ ತೋರಿಸಿದಳು.

“ಸಾರಿ. ಬೇಕಂತಾನೇ ಮಾಡಿದ್ದೆ. ಇನ್ಮೇಲೆ ಮಾಡಲ್ಲ. ಚಾರ್ಟ್ ನಾನೇ ಮತ್ತೆ ಬರೀತೀನಿ.”

ರಿಯಾ ಮೂರು ಪುಟಗಳನ್ನೂ ಬೆರಳಿಟ್ಟು ಪರೀಕ್ಷಿಸಿದಳು. “ಡಿವಿಷನ್ ಈಗ ಸರಿಯಿದೆ,” ಎಂದಳು ಗಂಭೀರವಾಗಿ. ಆಮೇಲೆ ಫೋನಿನತ್ತ ಬಗ್ಗಿ, “ಹಾಯ್ ಸಿದ್,” ಎಂದಳು.

“ಇವನಿಗೆ ಟಿಯಾಗೋನೇ ಗೊತ್ತಿಲ್ವಂತೆ,” ಎಂದಳು ಅವನಿ.

“ನಿಮ್ ಅಣ್ಣಂಗೆ ಟಿಯಾಗೋ ಗೊತ್ತಿಲ್ವಾ?” ಎಂದಳು ರಿಯಾ.

“ಯಾರೂ ಗೊತ್ತಿಲ್ಲ ಇವನಿಗೆ.”

“ಸೆಕೆಂಡ್ ಪ್ಲೇಸ್‌ನವ್ನು?”

“ಅವ್ನೂ ಗೊತ್ತಿಲ್ಲ,” ಎಂದ ಸಿದ್. “ಸ್ವಲ್ಪ ಹೇಳ್ಕೊಡ್ರೇ.”

ಅವನಿ ತಮ್ಮಿಬ್ಬರ ಮುಖವೂ ಕಾಣುವಂತೆ ಫೋನನ್ನು ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿಸಿದಳು. ಪಿಟ್ಸ್‌ಬರ್ಗಿನಲ್ಲಿ ವಾಷಿಂಗ್ ಮಷೀನಿನ ಮೇಲೆ ಹತ್ತಿ ಕೂತು, ಕೈ ಕಟ್ಟಿಕೊಂಡು, ಅಣ್ಣ ಪಾಠಕ್ಕೆ ಕಾಯುತ್ತಿದ್ದ. ಅವನು ಅಷ್ಟು ಚಿಕ್ಕವನಾಗಿ ಅವಳಿಗೆ ಎಂದೂ ಕಂಡಿರಲಿಲ್ಲ.

“ಅವಸರ ಇಲ್ಲ,” ಎಂದಳು ಅವನಿ. “ನಿಧಾನಕ್ಕೆ ಹೇಳ್ತೀನಿ, ಕೇಳು.”